ಪಾಸಾದವರ ಲೆಕ್ಕದಿಂದ ಶಿಕ್ಷಕರನ್ನು ಅಳೆಯಬಹುದಾ?

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯೊಂದರ ಮುಖ್ಯ ಶಿಕ್ಷಕಿ. ಈ ಹುದ್ದೆಗೆ ಬಂದು ಇದು ಎರಡನೇ ವರ್ಷ. ವರ್ಷದ ಕೊನೆಗೆ ಪ್ರತಿ ಶಿಕ್ಷಕರ ಕೆಲಸದ ಬಗ್ಗೆ ವರದಿ ಬರೆದು ಗ್ರೇಡ್ ಕೊಡಬೇಕು. ಒಂಬತ್ತನೇ ತರಗತಿಯ ಗಣಿತವನ್ನು ಇಬ್ಬರು ತೆಗೆದುಕೊಳ್ಳುತ್ತಾರೆ. ಎ ಸೆಕ್ಷನ್‌ನಲ್ಲಿ ಶೇ 95 ಮಕ್ಕಳು ಪಾಸು, ಬಿ ಸೆಕ್ಷನ್‌ನಲ್ಲಿ ಶೇ 70. ಬಿ ಸೆಕ್ಷನ್ ಶಿಕ್ಷಕಿಯಿಂದ ವಿವರಣೆ ಪಡೆದು ಕಳಿಸಿ ಅಂತ ಮೇಲಿನ ಕಚೇರಿಯಿಂದ ಪತ್ರ ಬಂದಿದೆ. ಆದರೆ ಹಿಂದಿನ ವರ್ಷ ಕಡಿಮೆ ಅಂಕ ತೆಗೆದ ಮಕ್ಕಳನ್ನೆಲ್ಲ ಆ ಸೆಕ್ಷನ್‌ಗೆ ಹಾಕಿದ್ದು ನಾವೇ. ನಾನು ಕ್ಲಾಸಿಗೆ ಹೋಗಿ ಕೂತಾಗ ಎಲ್ಲರೂ ಚೆನ್ನಾಗೇ ಪಾಠ ಮಾಡುತ್ತಾರೆ. ನಾನು ಓದಿದ್ದು ಸಮಾಜ ವಿಜ್ಞಾನ, ಗಣಿತದ ಕ್ಲಾಸ್ ನೋಡಿ ನನಗೆ ಏನು ತಿಳಿಯುತ್ತದೆ? ಚಿತ್ರಕಲೆ, ದೈಹಿಕ ಶಿಕ್ಷಣದವರಿಗೆ ಫಲಿತಾಂಶ ಅನ್ನೋದೇ ಇಲ್ಲ. ಇನ್ನೊಬ್ಬರು ವಾರದಲ್ಲಿ ಅರ್ಧ ಪೀರಿಯಡ್ ಪಾಠವನ್ನೇ ಮಾಡುವುದಿಲ್ಲ, ಆದರೆ ಅವರ ಹಳೆಯ ವರದಿಗಳಲ್ಲೆಲ್ಲ 'ಉತ್ತಮ' ಅಂತಿದೆ. ಎಲ್ಲರಿಗೂ 'ಉತ್ತಮ' ಅಂತ ಬರೆದು ಸುಮ್ನೆ ಮುಗಿಸಿಬಿಡೋಣ ಅನಿಸುತ್ತಿದೆ. ಮಕ್ಕಳನ್ನೇ ಕೇಳಿದರೆ ತಪ್ಪಾ? ದಾರಿ ಹೇಳಿ.

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ಎರಡು ಚಿಂತೆ ಕಾಣುತ್ತವೆ. ಚೆನ್ನಾಗಿ ದುಡಿಯುವವರಿಗೆ ನಿಮ್ಮ ಕೈಯಿಂದ ಅನ್ಯಾಯ ಆಗಬಾರದು. ದುಡಿಯದವರು ನಿಮ್ಮ ಸಹಿಯ ಹಿಂದೆ ಬಚಾವಾಗಬಾರದು. ಎಲ್ಲರಿಗೂ 'ಉತ್ತಮ' ಅಂತ ಬರೆದರೆ ಮೊದಲನೆಯ ಚಿಂತೆಯಾದರೂ ತೀರುತ್ತದೆ ಅಂತ ಮೇಲ್ನೋಟಕ್ಕೆ ಅನಿಸಬಹುದು. ಅದೂ ತೀರುವುದಿಲ್ಲ. ಬಿ ಸೆಕ್ಷನ್ ಶಿಕ್ಷಕಿಗೂ ಪಾಠ ಮಾಡದವರಿಗೂ ಒಂದೇ ಪದ ಬಿದ್ದರೆ ಆಕೆಗೆ ನ್ಯಾಯ ಸಿಕ್ಕಂತಾಗುವುದಿಲ್ಲ.

ನನ್ನ ಉತ್ತರದ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಫಲಿತಾಂಶ ನೋಡಿದಾಗ ನಿಮ್ಮಲ್ಲಿ ಪ್ರಶ್ನೆ ಹುಟ್ಟಲಿ, ಅದರಿಂದಲೇ ತೀರ್ಮಾನಕ್ಕೆ ಬರಬೇಡಿ. ತೀರ್ಮಾನಕ್ಕೆ ಬೇಕಾದ ಸಾಕ್ಷಿ ತರಗತಿಯಲ್ಲಿದೆ, ಮಕ್ಕಳ ನೋಟ್‌ಬುಕ್‌ನಲ್ಲಿದೆ. ಅದನ್ನು ವರ್ಷದ ಕೊನೆಗೆ ಒಂದೇ ಸಲ ಹುಡುಕಿದರೆ ಸಿಗುವುದಿಲ್ಲ.

ಈಗ ಶೇ 95 ಮತ್ತು ಶೇ 70ರ ವಿಷಯ. ಒಂದೊಂದು ಸೆಕ್ಷನ್‌ನಲ್ಲಿ 40 ಮಕ್ಕಳಿದ್ದಾರೆ ಅಂದುಕೊಳ್ಳೋಣ. ಆಗ ಒಂದು ಮಗು ಅಂದರೆ ಶೇ 2.5. ಪರೀಕ್ಷೆಯ ದಿನ ಇಬ್ಬರಿಗೆ ಜ್ವರ ಬಂದು, ಇನ್ನಿಬ್ಬರು ಒಂದೊಂದು ಅಂಕದಲ್ಲಿ ತಪ್ಪಿದರೆ ಫಲಿತಾಂಶ ಶೇ 10 ಇಳಿಯುತ್ತದೆ. ಶಿಕ್ಷಕರ ಪಾಠದಲ್ಲಿ ಏನೂ ಬದಲಾಗಿರುವುದಿಲ್ಲ. ಆದ್ದರಿಂದ ಒಂದು ವರ್ಷದ, ಒಂದು ಸೆಕ್ಷನ್‌ನ ಅಂಕಿಯನ್ನು ಹಿಡಿದು ಯಾರ ಬಗ್ಗೆಯೂ ಮಾತಾಡಬಾರದು. ಕನಿಷ್ಠ ಎರಡು ಮೂರು ವರ್ಷದ್ದು ಪಕ್ಕದಲ್ಲಿ ಇಟ್ಟುಕೊಳ್ಳಬೇಕು.

ಪಾಸು-ಫೇಲಿನ ಲೆಕ್ಕದಲ್ಲಿ ಇನ್ನೊಂದು ದೊಡ್ಡ ದೋಷ ಇದೆ. ಪಾಸಾಗಲು 35 ಅಂಕ ಬೇಕು ಅಂತಿಟ್ಟುಕೊಳ್ಳಿ. ಒಬ್ಬ ಶಿಕ್ಷಕಿ 8 ಅಂಕ ತೆಗೆಯುತ್ತಿದ್ದ ಹುಡುಗನನ್ನು 30ಕ್ಕೆ ತಂದರು. ಲೆಕ್ಕದಲ್ಲಿ ಆಕೆಗೆ ಸೊನ್ನೆ. ಇನ್ನೊಬ್ಬರ ಹತ್ತಿರ 33 ತೆಗೆಯುತ್ತಿದ್ದ ಹುಡುಗಿ 36 ತೆಗೆದಳು. ಅವರಿಗೆ ಪೂರ್ತಿ ಮರ್ಯಾದೆ. ಯಾರು ಜಾಸ್ತಿ ಕೆಲಸ ಮಾಡಿದರು? ಇದು ಗೊತ್ತಾದ ಶಿಕ್ಷಕರು ಏನು ಮಾಡುತ್ತಾರೆ ಅನ್ನೋದನ್ನೂ ನಾನು ಎಷ್ಟೋ ಶಾಲೆಗಳಲ್ಲಿ ನೋಡಿದ್ದೇನೆ. ಗಡಿಯಲ್ಲಿರುವ ಐದಾರು ಮಕ್ಕಳನ್ನು ಆರಿಸಿಕೊಂಡು ಅವರ ಮೇಲೇ ಸಮಯ ಹಾಕುತ್ತಾರೆ. ತುಂಬಾ ಹಿಂದೆ ಉಳಿದವರು ಹಿಂದಿನ ಬೆಂಚಿನಲ್ಲೇ ಉಳಿಯುತ್ತಾರೆ. ತುಂಬಾ ಚುರುಕಾದವರನ್ನೂ ಯಾರೂ ಮುಟ್ಟುವುದಿಲ್ಲ.

ಹಾಗಾದರೆ ಅಂಕಗಳನ್ನು ಬಿಟ್ಟೇಬಿಡಬೇಕಾ? ಬೇಡ. ಎಲ್ಲಿಂದ ಹೊರಟರು ಅನ್ನೋದನ್ನು ಸೇರಿಸಿ ಓದಿ. ವರ್ಷದ ಶುರುವಿನಲ್ಲಿ ಎರಡೂ ಸೆಕ್ಷನ್‌ಗೆ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು ಪರೀಕ್ಷೆ ಮಾಡಿರುತ್ತೀರಿ ಅಥವಾ ಹಿಂದಿನ ತರಗತಿಯ ಅಂಕ ಇರುತ್ತದೆ. ಉದಾಹರಣೆಗೆ, ಎ ಸೆಕ್ಷನ್‌ನ ಸರಾಸರಿ 58ರಿಂದ 64ಕ್ಕೆ ಬಂತು, ಬಿ ಸೆಕ್ಷನ್‌ನದ್ದು 27ರಿಂದ 45ಕ್ಕೆ ಬಂತು ಅಂದುಕೊಳ್ಳಿ. ಈಗ ಚಿತ್ರವೇ ಬೇರೆ, ಅಲ್ವಾ? ಇಲ್ಲೂ ಒಂದು ಎಚ್ಚರಿಕೆ ಬೇಕು. ಒಂದು ಪರೀಕ್ಷೆಯಲ್ಲಿ ತೀರಾ ಕಡಿಮೆ ತೆಗೆದ ಮಕ್ಕಳು ಮುಂದಿನ ಪರೀಕ್ಷೆಯಲ್ಲಿ ಸ್ವಲ್ಪ ಮೇಲೆ ಬರುವುದು ಸಹಜ, ಏಕೆಂದರೆ ಮೊದಲನೆಯ ದಿನದ ಕೆಟ್ಟ ಅದೃಷ್ಟ ಎರಡನೆಯ ದಿನವೂ ಇರಬೇಕಾಗಿಲ್ಲ. ಅದನ್ನೆಲ್ಲ ಶಿಕ್ಷಕಿಯ ಖಾತೆಗೆ ಹಾಕುವುದೂ ಸರಿಯಲ್ಲ. ಅದಕ್ಕೆ ನಾನು ಮುಖ್ಯ ಶಿಕ್ಷಕರಿಗೆ ಹೇಳುವ ಸುಲಭ ಉಪಾಯ ಇದು: ಎರಡೂ ಸೆಕ್ಷನ್‌ಗಳಲ್ಲಿ ಶುರುವಿನಲ್ಲಿ 30ರಿಂದ 45ರೊಳಗೆ ಅಂಕ ತೆಗೆದ ಮಕ್ಕಳ ಹೆಸರು ಮಾತ್ರ ಬರೆದುಕೊಳ್ಳಿ. ಅವರು ವರ್ಷದ ಕೊನೆಗೆ ಎಲ್ಲಿದ್ದಾರೆ ನೋಡಿ. ಒಂದೇ ಮೆಟ್ಟಿಲಿನಿಂದ ಹೊರಟವರು ಇಬ್ಬರು ಶಿಕ್ಷಕರ ಕೈಯಲ್ಲಿ ಎಲ್ಲೆಲ್ಲಿಗೆ ಬಂದರು ಅನ್ನೋದು ಕಾಣುತ್ತದೆ. ಮಕ್ಕಳ ಸಂಖ್ಯೆ ಚಿಕ್ಕದಾಗಿರುವುದರಿಂದ ಇದೂ ಸುಳಿವು ಮಾತ್ರ. ಆದರೆ ಶೇ 95, ಶೇ 70 ಅನ್ನೋದಕ್ಕಿಂತ ಎಷ್ಟೋ ಪಾಲು ಒಳ್ಳೆಯ ಸುಳಿವು.

ಇದನ್ನೇ ದೊಡ್ಡ ಮಟ್ಟದಲ್ಲಿ, ಕಂಪ್ಯೂಟರ್ ಲೆಕ್ಕದಿಂದ ಮಾಡುವ ಪ್ರಯತ್ನ ಅಮೆರಿಕದಲ್ಲಿ ದಶಕಗಳಿಂದ ನಡೆದಿದೆ. ಮಗುವಿನ ಹಿಂದಿನ ಅಂಕಗಳಿಂದ ಈ ವರ್ಷ ಎಷ್ಟು ಬರಬೇಕಿತ್ತು ಅಂತ ಅಂದಾಜು ಮಾಡಿ, ಅದಕ್ಕಿಂತ ಜಾಸ್ತಿ ಬಂದದ್ದನ್ನು ಶಿಕ್ಷಕರ ಕೊಡುಗೆ ಅಂತ ಲೆಕ್ಕ ಹಾಕುವುದು. 2010ರಲ್ಲಿ ಜೆಸ್ಸಿ ರಾತ್‌ಸ್ಟೀನ್ ಅನ್ನುವ ಅರ್ಥಶಾಸ್ತ್ರಜ್ಞ ಇಂಥ ಲೆಕ್ಕಗಳನ್ನು ಒಂದು ವಿಚಿತ್ರ ಪರೀಕ್ಷೆಗೆ ಒಡ್ಡಿದರು. ಐದನೇ ತರಗತಿಯ ಶಿಕ್ಷಕರು ನಾಲ್ಕನೇ ತರಗತಿಯ ಅಂಕಗಳ ಮೇಲೆ ಪರಿಣಾಮ ಬೀರಿದ್ದಾರಾ ಅಂತ ನೋಡಿದರು. ಮಕ್ಕಳು ಆ ಶಿಕ್ಷಕರ ಮುಖ ನೋಡುವ ಮೊದಲೇ ಬಂದ ಅಂಕ ಅವು. ಪರಿಣಾಮ ಇರಲು ಸಾಧ್ಯವೇ ಇಲ್ಲ. ಆದರೂ ಲೆಕ್ಕದಲ್ಲಿ 'ಪರಿಣಾಮ' ಕಾಣಿಸಿತು. ಕಾರಣ ಇಷ್ಟೇ: ಯಾವ ಮಗು ಯಾವ ಶಿಕ್ಷಕರ ಕ್ಲಾಸಿಗೆ ಹೋಗುತ್ತದೆ ಅನ್ನೋದು ಚೀಟಿ ಎತ್ತಿ ಆಗುವುದಿಲ್ಲ, ಯಾರೋ ಕೂತು ಹಂಚುತ್ತಾರೆ. ನಿಮ್ಮ ಬಿ ಸೆಕ್ಷನ್‌ನಲ್ಲಿ ಆಗಿರುವುದು ಇದೇ. ಪ್ರೌಢಶಾಲೆಯಲ್ಲಿ ಈ ಹಂಚಿಕೆ ಇನ್ನೂ ಜಾಸ್ತಿ, ಜೊತೆಗೆ ಒಂದೇ ಮಗುವಿಗೆ ಆರೇಳು ಶಿಕ್ಷಕರು. ವಿಜ್ಞಾನದ ಮೇಷ್ಟ್ರು ಸೂತ್ರ ಬಿಡಿಸುವುದನ್ನು ಚೆನ್ನಾಗಿ ಕಲಿಸಿದರೆ ಗಣಿತದ ಅಂಕವೂ ಏರುತ್ತದೆ. ಅದು ಯಾರ ಖಾತೆಗೆ?

ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್, ಅಂದರೆ ಅಲ್ಲಿನ ಸಂಖ್ಯಾಶಾಸ್ತ್ರಜ್ಞರ ಸಂಘ, 2014ರಲ್ಲಿ ಕೊಟ್ಟ ಹೇಳಿಕೆಯ ಪ್ರಕಾರ, ಮಕ್ಕಳ ಅಂಕಗಳ ನಡುವಿನ ವ್ಯತ್ಯಾಸದಲ್ಲಿ ಶಿಕ್ಷಕರಿಗೆ ಸಲ್ಲುವ ಪಾಲು ಶೇ 1ರಿಂದ 14ರಷ್ಟು ಅಂತ ಹೆಚ್ಚಿನ ಅಧ್ಯಯನಗಳು ಹೇಳುತ್ತವೆ. ಇದನ್ನು ಓದಿ 'ಶಿಕ್ಷಕರಿಂದ ಏನೂ ಆಗಲ್ಲ' ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಒಳ್ಳೆಯ ಶಿಕ್ಷಕರ ಕೈಯಲ್ಲಿ ಕಲಿತವರು ಕಾಲೇಜು ಮೆಟ್ಟಿಲು ಹತ್ತುವ ಸಾಧ್ಯತೆ, ದೊಡ್ಡವರಾದ ಮೇಲೆ ಅವರ ಗಳಿಕೆ ಎರಡೂ ಜಾಸ್ತಿ ಅಂತ ತೋರಿಸಿದ ದೊಡ್ಡ ಅಧ್ಯಯನವೂ ಅದೇ ವರ್ಷ ಬಂತು. ಶಿಕ್ಷಕರ ಪ್ರಭಾವ ಸುಳ್ಳಲ್ಲ. ಒಂದು ಸೆಕ್ಷನ್‌ನ ಒಂದು ವರ್ಷದ ಅಂಕಪಟ್ಟಿಯಿಂದ ಅದನ್ನು ಹೆಕ್ಕಿ ತೆಗೆಯುವುದು ಕಷ್ಟ, ಅಷ್ಟೇ.

ಮೇಲಿನ ಕಚೇರಿಯ ಪತ್ರಕ್ಕೆ ಉತ್ತರ ಬರೆಯುವಾಗ ಇಷ್ಟನ್ನೇ ಹೇಳಿ. ಸೆಕ್ಷನ್ ಹಂಚಿದ್ದು ಹೇಗೆ, ಎರಡೂ ಸೆಕ್ಷನ್‌ಗಳ ಶುರುವಿನ ಸರಾಸರಿ ಎಷ್ಟು, ಕೊನೆಯ ಸರಾಸರಿ ಎಷ್ಟು, ಒಂದೇ ಮಟ್ಟದಿಂದ ಹೊರಟ ಮಕ್ಕಳು ಎಲ್ಲಿದ್ದಾರೆ, ಎಷ್ಟು ಮಕ್ಕಳು ದೀರ್ಘ ಗೈರುಹಾಜರಿ. ಅರ್ಧ ಪುಟ ಸಾಕು. ವಿವರಣೆಯನ್ನು ಶಿಕ್ಷಕಿಯ ಕೈಯಲ್ಲಿ ಬರೆಸಿ ಕಳಿಸಬೇಡಿ, ನೀವೇ ಬರೆದು ಸಹಿ ಮಾಡಿ. ಹಂಚಿಕೆ ಶಾಲೆಯ ತೀರ್ಮಾನ, ಆದ್ದರಿಂದ ಉತ್ತರವೂ ಶಾಲೆಯದೇ ಆಗಿರಬೇಕು. ಸಾಧ್ಯವಾದರೆ ಮುಂದಿನ ವರ್ಷದಿಂದ ಎರಡೂ ಸೆಕ್ಷನ್‌ಗೆ ಎಲ್ಲ ಮಟ್ಟದ ಮಕ್ಕಳನ್ನೂ ಬೆರೆಸಿ ಹಾಕಿ. ಬೆರೆಸಲು ಆಗದಿದ್ದರೆ, ಕಷ್ಟದ ಸೆಕ್ಷನ್ ಪ್ರತಿ ವರ್ಷ ಒಬ್ಬರ ತಲೆಗೇ ಬರದ ಹಾಗೆ ನೋಡಿಕೊಳ್ಳಿ.

ಫಲಿತಾಂಶ ನೋಡಿ ದುಡ್ಡು ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ನಿಮಗೆ ಹೇಳುವವರೂ ಸಿಗುತ್ತಾರೆ. ಇದು ಹಳೆಯ ಯೋಚನೆ. ಇಂಗ್ಲೆಂಡ್‌ನಲ್ಲಿ 1862ರಲ್ಲೇ ಈ ಪದ್ಧತಿ ತಂದರು. ಇನ್‌ಸ್ಪೆಕ್ಟರ್ ಬಂದು ಮಕ್ಕಳಿಗೆ ಓದು, ಬರಹ, ಲೆಕ್ಕದ ಪರೀಕ್ಷೆ ಮಾಡುವುದು, ಅದರ ಮೇಲೆ ಶಾಲೆಗೆ ಅನುದಾನ. ಪಾಠ ಆ ಮೂರಕ್ಕೇ ಕುಗ್ಗಿತು, ಬಾಯಿಪಾಠ ಹೆಚ್ಚಿತು. ಸ್ವತಃ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದ ಕವಿ ಮ್ಯಾಥ್ಯೂ ಅರ್ನಾಲ್ಡ್ ಇದನ್ನು ಬಲವಾಗಿ ಟೀಕಿಸಿದರು. 1890ರ ದಶಕದಲ್ಲಿ ಅದನ್ನು ಕೈಬಿಟ್ಟರು. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ 2006ರಿಂದ ಮೂರು ವರ್ಷ ಗಣಿತ ಶಿಕ್ಷಕರಿಗೆ ವರ್ಷಕ್ಕೆ 15,000 ಡಾಲರ್‌ವರೆಗೆ ಬೋನಸ್ ಕೊಡುವ ಪ್ರಯೋಗ ನಡೆಯಿತು. ಒಟ್ಟಾರೆ ಮಕ್ಕಳ ಅಂಕಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದೇ ದೇಶದ ಅಟ್ಲಾಂಟಾ ನಗರದ ಕಥೆ ಇನ್ನೂ ಕೆಟ್ಟದ್ದು. ಅಂಕ ಏರಲೇಬೇಕು ಅನ್ನುವ ಒತ್ತಡದಲ್ಲಿ ಶಾಲೆಯವರೇ ಮಕ್ಕಳ ಉತ್ತರಪತ್ರಿಕೆಗಳಲ್ಲಿ ಉತ್ತರ ಬದಲಾಯಿಸಿದರು. 2011ರ ತನಿಖಾ ವರದಿ 44 ಶಾಲೆಗಳ 178 ಮಂದಿಯನ್ನು ಹೆಸರಿಸಿತು. ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು: ಆಂಧ್ರಪ್ರದೇಶದ ಗ್ರಾಮೀಣ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ನಡೆಸಿದ ಪ್ರಯೋಗದಲ್ಲಿ ಬೋನಸ್‌ನಿಂದ ಕಲಿಕೆ ನಿಜಕ್ಕೂ ಏರಿತು, ಬೋನಸ್ ಇಲ್ಲದ ವಿಷಯಗಳಲ್ಲೂ ಏರಿತು. ಅಲ್ಲಿ ಪರೀಕ್ಷೆಯನ್ನು ಹೊರಗಿನವರು ನಡೆಸಿದ್ದರು, ಲೆಕ್ಕ ಹಾಕಿದ್ದು ಪಾಸಾದವರನ್ನಲ್ಲ, ಮಕ್ಕಳ ಏರಿಕೆಯನ್ನು. ಅಂದರೆ ಯಾವುದನ್ನು ಅಳೆಯುತ್ತೀರಿ, ಯಾರು ಅಳೆಯುತ್ತಾರೆ ಅನ್ನೋದರ ಮೇಲೆ ಎಲ್ಲವೂ ನಿಂತಿದೆ. ಶಾಲೆಯವರೇ ಪ್ರಶ್ನೆಪತ್ರಿಕೆ ಮಾಡಿ, ಶಾಲೆಯವರೇ ಮೌಲ್ಯಮಾಪನ ಮಾಡಿ, ಅದರ ಮೇಲೆ ಶಾಲೆಯವರಿಗೇ ಗ್ರೇಡ್ ಕೊಡುವ ಕಡೆ ಇದನ್ನು ನಾನು ಎಂದೂ ಸಲಹೆ ಮಾಡುವುದಿಲ್ಲ.

ಈಗ ತರಗತಿ ವೀಕ್ಷಣೆಗೆ ಬರೋಣ. ನನ್ನ ಅನುಭವದಲ್ಲಿ ಮುಖ್ಯ ಶಿಕ್ಷಕರ ಕೈಯಲ್ಲಿರುವ ಅತಿ ಒಳ್ಳೆಯ ಸಾಧನ ಇದು, ಅತಿ ಹೆಚ್ಚು ಕೆಡಿಸಿಟ್ಟಿರುವುದೂ ಇದನ್ನೇ. 'ನಾನು ಹೋದಾಗ ಎಲ್ಲರೂ ಚೆನ್ನಾಗೇ ಮಾಡುತ್ತಾರೆ' ಅಂದಿರಿ. ಹೇಳಿ ಹೋದರೆ ನಾಟಕ, ಹೇಳದೆ ಹೋದರೆ ಸತ್ಯ ಅನ್ನುವ ನಂಬಿಕೆ ಎಲ್ಲ ಕಡೆ ಇದೆ. ಅರ್ಧ ಮಾತ್ರ ನಿಜ. ಸುಮಾರು 3,000 ಶಿಕ್ಷಕರನ್ನು ಒಳಗೊಂಡ, ಅಮೆರಿಕದ ಗೇಟ್ಸ್ ಫೌಂಡೇಶನ್ ನಡೆಸಿದ ಅಧ್ಯಯನದ ಭಾಗವಾಗಿ ಇದನ್ನೂ ನೋಡಿದರು. ಶಿಕ್ಷಕರು ತಾವೇ ಆರಿಸಿ ಕೊಟ್ಟ ಪಾಠದ ವಿಡಿಯೊಗಳಿಗೆ ಅಂಕ ಸ್ವಲ್ಪ ಜಾಸ್ತಿ ಬಂತು, ಹೌದು. ಆದರೆ ಯಾರು ಮುಂದೆ, ಯಾರು ಹಿಂದೆ ಅನ್ನುವ ಸಾಲು ಹೆಚ್ಚುಕಡಿಮೆ ಹಾಗೇ ಉಳಿಯಿತು. ಪಾಠ ಮಾಡಲು ತಿಣುಕಾಡುವ ಶಿಕ್ಷಕರ ಅತ್ಯುತ್ತಮ ದಿನವೂ ಸಾಮಾನ್ಯವಾಗಿ ನುರಿತ ಶಿಕ್ಷಕರ ದಿನದ ಹತ್ತಿರ ಬರುವುದಿಲ್ಲ. ಆದ್ದರಿಂದ ಹೇಳಿ ಹೋಗಲು ಹೆದರಬೇಡಿ. ಎರಡು ಸಲ ಹೇಳಿ ಹೋಗಿ, ಎರಡು ಸಲ ಹೇಳದೆ ಹೋಗಿ.

ಅದೇ ಅಧ್ಯಯನದ ಇನ್ನೊಂದು ಮಾತು ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಒಬ್ಬರೇ ಮತ್ತೊಂದು ಪಾಠ ನೋಡುವುದಕ್ಕಿಂತ, ಇನ್ನೊಬ್ಬರು ಬಂದು ಒಂದು ಪಾಠ ನೋಡಿದರೆ ತೀರ್ಮಾನ ಜಾಸ್ತಿ ಗಟ್ಟಿಯಾಗುತ್ತದೆ. ನಿಮ್ಮ ಕಣ್ಣಿಗೆ ಒಂದು ಒಲವು ಇರುತ್ತದೆ, ನನ್ನ ಕಣ್ಣಿಗೆ ಇನ್ನೊಂದು. ಎರಡನೆಯ ಕಣ್ಣು ಬಂದಾಗ ಅವು ಹೊರಗೆ ಬೀಳುತ್ತವೆ.

ಕ್ಲಾಸಿನಲ್ಲಿ ಕೂತು ಏನು ಬರೆಯಬೇಕು? ಹೆಚ್ಚಿನ ವೀಕ್ಷಣಾ ವರದಿಗಳಲ್ಲಿ ನಾನು ಓದುವುದು ಇಷ್ಟು: 'ಪಾಠ ಪರಿಣಾಮಕಾರಿಯಾಗಿತ್ತು. ಬೋಧನೋಪಕರಣ ಬಳಸಿದ್ದಾರೆ. ತರಗತಿ ಶಿಸ್ತಿನಿಂದಿತ್ತು.' ಇದರಿಂದ ಶಿಕ್ಷಕಿಗೆ ಏನೂ ತಿಳಿಯುವುದಿಲ್ಲ, ನಿಮಗೂ ಮೂರು ತಿಂಗಳ ಮೇಲೆ ಏನೂ ನೆನಪಿರುವುದಿಲ್ಲ. ಗಡಿಯಾರ ನೋಡಿ, ಕಂಡದ್ದನ್ನು ಕಂಡ ಹಾಗೆ ಬರೆಯಿರಿ. ಹೀಗೆ:

'10:12 – "ಅರ್ಥ ಆಯ್ತಾ?" ಎಲ್ಲರೂ "ಆಯ್ತು ಮಿಸ್". 10:13 – ಬೋರ್ಡ್ ಮೇಲೆ ಹೊಸ ಲೆಕ್ಕ. ಪ್ರಶ್ನೆ ಕೇಳಿದ ತಕ್ಷಣ ಮುಂದಿನ ಬೆಂಚಿನ ಇಬ್ಬರು ಉತ್ತರ ಹೇಳಿದರು. 10:15 – ಮುಂದಿನ ಪ್ರಶ್ನೆ, ಉತ್ತರ ಬರಲಿಲ್ಲ, ಶಿಕ್ಷಕಿಯೇ ಹೇಳಿದರು. 10:19 – ಹಿಂದಿನ ಮೂರು ಬೆಂಚಿನವರು ಬೋರ್ಡ್ ನೋಡಿ ಬರೆದುಕೊಳ್ಳುತ್ತಿದ್ದಾರೆ. ಸ್ವಂತ ಬಿಡಿಸಿದವರು ಯಾರೂ ಇಲ್ಲ.'

ಇದರಲ್ಲಿ ಹೊಗಳುವ, ತೆಗಳುವ ಪದ ಒಂದೂ ಇಲ್ಲ. ಓದಿದ ಶಿಕ್ಷಕಿ ಜಗಳಕ್ಕೆ ಬರುವ ಹಾಗೂ ಇಲ್ಲ, ಏಕೆಂದರೆ ನಡೆದದ್ದೇ ಅದು. ಮುಂದಿನ ಮಾತೂ ಇದರಿಂದಲೇ ಹುಟ್ಟುತ್ತದೆ. ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾದರು ಅನ್ನೋದನ್ನು ವಿಶೇಷವಾಗಿ ಗಮನಿಸಿ. ಮೇರಿ ಬಡ್ ರೋ ಅನ್ನುವ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳ ಧ್ವನಿಮುದ್ರಣ ಕೇಳಿ ಅಳೆದಾಗ, ಶಿಕ್ಷಕರು ಸರಾಸರಿ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಮೂರು ಸೆಕೆಂಡ್‌ಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿಬಿಟ್ಟರು. ಇಷ್ಟು ಚಿಕ್ಕ ವಿಷಯ. ಗಣಿತ ಗೊತ್ತಿಲ್ಲದ ಮುಖ್ಯ ಶಿಕ್ಷಕಿಯೂ ಇದನ್ನು ನೋಡಬಹುದು, ಹೇಳಬಹುದು, ಮುಂದಿನ ತಿಂಗಳು ಮತ್ತೆ ಬಂದು ಬದಲಾಯಿತಾ ಅಂತ ಪರೀಕ್ಷಿಸಬಹುದು.

ಆದರೆ ಗಣಿತ ಗೊತ್ತಿಲ್ಲದಿದ್ದರೆ ಕಾಣದೇ ಹೋಗುವುದೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಒಬ್ಬ ಹುಡುಗ 3x = 12 ಅನ್ನುವ ಲೆಕ್ಕಕ್ಕೆ x = 9 ಅಂತ ಬರೆದಿದ್ದಾನೆ. ಯಾಕೆ? 'ಆಚೆ ಕಡೆ ಹೋದರೆ ಚಿಹ್ನೆ ಬದಲಾಗುತ್ತದೆ' ಅಂತ ಮೇಷ್ಟ್ರು ಹೇಳಿಕೊಟ್ಟಿದ್ದಾರೆ. ಹುಡುಗ 3ನ್ನು ಆಚೆ ಕಳಿಸಿ ಮೈನಸ್ ಮಾಡಿದ್ದಾನೆ. ಪಾಪ, ಅವನು ಹೇಳಿದ್ದನ್ನೇ ಪಾಲಿಸಿದ್ದಾನೆ. ಕ್ಲಾಸ್ ಶಾಂತವಾಗಿತ್ತು, ಬೋರ್ಡ್ ಕೆಲಸ ಅಚ್ಚುಕಟ್ಟಾಗಿತ್ತು, ವಿಷಯ ಗೊತ್ತಿಲ್ಲದವರು 'ಉತ್ತಮ' ಅಂತ ಬರೆದು ಬರುತ್ತಾರೆ. ವಿಷಯ ಗೊತ್ತಿದ್ದವರಿಗೆ ಮಾತ್ರ ದೋಷ ಆ ವಾಕ್ಯದಲ್ಲೇ ಇದೆ ಅಂತ ಹೊಳೆಯುತ್ತದೆ. ಆದ್ದರಿಂದ ವರ್ಷಕ್ಕೆ ಒಂದು ಸಲವಾದರೂ ಇನ್ನೊಂದು ಶಾಲೆಯ ಅನುಭವಿ ಗಣಿತ ಶಿಕ್ಷಕರನ್ನು ಕರೆಸಿ, ಇಬ್ಬರೂ ಒಟ್ಟಿಗೆ ಕೂತು ನೋಡಿ. ಅವರು ವಿಷಯ ನೋಡಲಿ, ನೀವು ಮಕ್ಕಳನ್ನು ನೋಡಿ. ಅಪಾಯ ಒಂದಿದೆ: ಹೊರಗಿನವರು ತಮ್ಮ ಶೈಲಿಯನ್ನೇ ಅಳತೆಗೋಲು ಮಾಡಿಕೊಳ್ಳಬಹುದು. ಹಾಗಾಗಿ ಏನು ನೋಡಬೇಕು ಅನ್ನೋದನ್ನು ಮೂರು ಶಿಕ್ಷಕರೂ ಸೇರಿ, ಅಂದರೆ ಬಂದವರು ಮತ್ತು ನಿಮ್ಮ ಇಬ್ಬರು, ಮೊದಲೇ ಒಪ್ಪಿಕೊಂಡಿರಬೇಕು.

ಕ್ಲಾಸಿನಿಂದ ಹೊರಡುವಾಗ ಐದು ನೋಟ್‌ಬುಕ್ ಕೈಗೆ ತೆಗೆದುಕೊಳ್ಳಿ. ಯಾವ ಐದು ಅಂತ ನೀವೇ ಆರಿಸಿ. ಹಾಜರಿ ಪುಸ್ತಕದಲ್ಲಿ ಎಂಟನೇ, ಹದಿನಾರನೇ, ಇಪ್ಪತ್ತನಾಲ್ಕನೇ ಹೆಸರು ಅಂತ ತೆಗೆದರೆ ಆಯ್ತು. ನೋಟ್‌ಬುಕ್ ಸುಳ್ಳು ಹೇಳುವುದು ಕಷ್ಟ. ಎಲ್ಲದರಲ್ಲೂ ಅದೇ ವಾಕ್ಯ, ಅದೇ ಉದಾಹರಣೆ, ಪ್ರತಿ ಪುಟದ ಕೆಳಗೆ ಕೆಂಪು ಟಿಕ್ ಇದ್ದರೆ ಮಕ್ಕಳು ಬೋರ್ಡ್ ನಕಲು ಮಾಡಿದ್ದಾರೆ, ಶಿಕ್ಷಕರು ಓದದೆ ಟಿಕ್ ಹಾಕಿದ್ದಾರೆ. ಮೇಲೆ ಹೇಳಿದ x = 9ರ ಪಕ್ಕ ಒಬ್ಬರು ತಪ್ಪು ಗುರುತು ಹಾಕಿ 4 ಅಂತ ಬರೆದಿರುತ್ತಾರೆ. ಇನ್ನೊಬ್ಬರು '9ನ್ನು ಮೂರರಿಂದ ಗುಣಿಸಿ ನೋಡು, 12 ಬರುತ್ತಾ?' ಅಂತ ಬರೆದಿರುತ್ತಾರೆ, ಕೆಳಗೆ ಹುಡುಗ ಮತ್ತೆ ಮಾಡಿರುತ್ತಾನೆ. ಇಬ್ಬರಲ್ಲಿ ಯಾರು ಕಲಿಸುತ್ತಿದ್ದಾರೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ನಿಮ್ಮ ಬಿ ಸೆಕ್ಷನ್ ಶಿಕ್ಷಕಿಯ ಮಕ್ಕಳ ಪುಸ್ತಕ ಹೀಗಿದ್ದರೆ ಎರಡು ಪುಟದ ಫೋಟೊ ತೆಗೆದು ವರದಿಗೆ ಲಗತ್ತಿಸಿ.

ವೀಕ್ಷಣೆಗೂ ಒಂದು ಮಿತಿ ಇದೆ. ಚುರುಕಾದ ಮಕ್ಕಳಿರುವ ಕ್ಲಾಸ್ ನೋಡಲು ಚೆನ್ನಾಗಿರುತ್ತದೆ. ಮಕ್ಕಳು ಕೈ ಎತ್ತುತ್ತಾರೆ, ಪಾಠ ಓಡುತ್ತದೆ. ಇಂಥ ಮಕ್ಕಳಿರುವ ಶಿಕ್ಷಕರಿಗೆ ವೀಕ್ಷಣೆಯಲ್ಲೂ ಜಾಸ್ತಿ ಅಂಕ ಬೀಳುತ್ತದೆ ಅಂತ ಅಧ್ಯಯನಗಳು ತೋರಿಸಿವೆ. ಎ ಸೆಕ್ಷನ್ ಹೊಳೆಯುವುದು ನೋಡಿ ಮರುಳಾಗಬೇಡಿ. ಸಾಧ್ಯವಿದ್ದರೆ ಅದೇ ಶಿಕ್ಷಕರನ್ನು ಬೇರೆ ತರಗತಿಯಲ್ಲೂ ನೋಡಿ.

ನೋಡಿ ಬಂದ ಮೇಲೆ ಎರಡು ದಿನದೊಳಗೆ ಕೂತು ಮಾತಾಡಿ. ಹತ್ತು ನಿಮಿಷ ಸಾಕು. ಮೊದಲು ಅವರೇ ಹೇಳಲಿ, ಪಾಠ ಹೇಗಾಯಿತು, ಎಲ್ಲಿ ತೊಡಕಾಯಿತು ಅಂತ. ಆಮೇಲೆ ನಿಮ್ಮ ಟಿಪ್ಪಣಿ ಓದಿ ಹೇಳಿ, ಬದಲಾಯಿಸಲು ಒಂದೇ ಒಂದು ವಿಷಯ ಆರಿಸಿ. ಈ ಭೇಟಿಗಳಲ್ಲಿ ಗ್ರೇಡಿನ ಮಾತು ಎತ್ತಲೇಬೇಡಿ. ಗ್ರೇಡ್ ಕೊಡಲು ಬಂದಿದ್ದಾರೆ ಅಂತ ಗೊತ್ತಾದ ಕೂಡಲೇ ಶಿಕ್ಷಕರು ತಮ್ಮ ಕಷ್ಟ ಮುಚ್ಚಿಡುತ್ತಾರೆ, ಯಾರಾದರೂ ಹಾಗೇ ಮಾಡುತ್ತಾರೆ. ಮುಚ್ಚಿಟ್ಟ ಕಷ್ಟಕ್ಕೆ ನೀವು ಸಹಾಯ ಮಾಡುವುದು ಹೇಗೆ? ಕಲಿಯಲಿಕ್ಕೆ ಬೇಕಾದ ಭೇಟಿಗಳು ಬೇರೆ ಇರಲಿ, ಗ್ರೇಡಿಗೆ ಲೆಕ್ಕಕ್ಕೆ ಬರುವ ಒಂದೆರಡು ಭೇಟಿಗಳು ಬೇರೆ ಇರಲಿ. ಯಾವುದು ಯಾವುದು ಅಂತ ವರ್ಷದ ಶುರುವಿನಲ್ಲೇ ಎಲ್ಲರಿಗೂ ಹೇಳಿ.

ಎಲ್ಲರಿಗೂ 'ಉತ್ತಮ' ಅನ್ನುವ ಆಸೆ ನಿಮಗೊಬ್ಬರಿಗೇ ಬಂದದ್ದಲ್ಲ. 2009ರಲ್ಲಿ ಅಮೆರಿಕದ ಹಲವು ಶಾಲಾ ಜಿಲ್ಲೆಗಳ ದಾಖಲೆ ತೆಗೆದು ನೋಡಿದಾಗ, 'ತೃಪ್ತಿಕರ' ಅಥವಾ 'ಅತೃಪ್ತಿಕರ' ಅಂತ ಎರಡೇ ಗ್ರೇಡ್ ಇದ್ದ ಕಡೆ ಶೇ 99ಕ್ಕೂ ಜಾಸ್ತಿ ಶಿಕ್ಷಕರು 'ತೃಪ್ತಿಕರ' ಆಗಿದ್ದರು. ಆಮೇಲೆ ರಾಜ್ಯಗಳು ನಿಯಮ ಬದಲಾಯಿಸಿದವು, ಮಕ್ಕಳ ಅಂಕಗಳನ್ನೂ ಲೆಕ್ಕಕ್ಕೆ ಸೇರಿಸಿದವು, ನಮೂನೆ ಉದ್ದ ಮಾಡಿದವು. ಹೆಚ್ಚಿನ ಕಡೆ ಕೆಳಗಿನ ಗ್ರೇಡ್ ಬಿದ್ದವರು ಆಗಲೂ ನೂರಕ್ಕೆ ಒಬ್ಬರಿಗಿಂತ ಕಡಿಮೆ. ಮುಖ್ಯ ಶಿಕ್ಷಕರನ್ನು ಕೇಳಿದರೆ, ಸಮಯ ಇಲ್ಲ, ಎದುರಿಗೆ ಹೇಳಲು ಮುಜುಗರ, ಹೇಳಿದರೂ ಆ ಜಾಗಕ್ಕೆ ಒಳ್ಳೆಯವರು ಸಿಗುತ್ತಾರಾ ಅನ್ನುವ ಅನುಮಾನ ಅಂದರು. ಗೇಟ್ಸ್ ಫೌಂಡೇಶನ್ ಇಂಥ ಮೌಲ್ಯಮಾಪನಕ್ಕೆ ದೊಡ್ಡ ಮೊತ್ತ ಸುರಿದ ಜಿಲ್ಲೆಗಳಲ್ಲೂ ಮಕ್ಕಳ ಕಲಿಕೆ ನಿರೀಕ್ಷೆಯಂತೆ ಏರಲಿಲ್ಲ ಅಂತ ರ‍್ಯಾಂಡ್ ಅನ್ನುವ ಸಂಶೋಧನಾ ಸಂಸ್ಥೆ 2018ರಲ್ಲಿ ವರದಿ ಮಾಡಿತು.

ಆದರೆ ಕೆಲಸ ಮಾಡಿದ ಕಡೆಗಳೂ ಇವೆ, ಅಲ್ಲಿ ಏನಿತ್ತು ಅಂತ ನೋಡಬೇಕು. ಅಮೆರಿಕದ ಸಿನ್ಸಿನಾಟಿ ನಗರದಲ್ಲಿ ಅನುಭವಿ ಶಿಕ್ಷಕರ ತರಗತಿಗೆ ಒಂದು ವರ್ಷದಲ್ಲಿ ನಾಲ್ಕು ಭೇಟಿ, ಅದರಲ್ಲಿ ಮೂರು ತರಬೇತಿ ಪಡೆದ ಸಹ ಶಿಕ್ಷಕರದ್ದು. ಪ್ರತಿ ಸಲ ವಿವರವಾದ ಟಿಪ್ಪಣಿ. ಅವರ ಮಕ್ಕಳ ಗಣಿತದ ಅಂಕ ಏರಿತು, ಆ ವರ್ಷ ಮುಗಿದ ಮೇಲೂ ಏರಿಕೆ ಉಳಿಯಿತು. ಅಲ್ಲಿನದೇ ಟೆನೆಸಿ ರಾಜ್ಯದಲ್ಲಿ ಇನ್ನೂ ಸರಳ: ಒಂದು ಕೌಶಲದಲ್ಲಿ ಹಿಂದಿರುವ ಶಿಕ್ಷಕರನ್ನು ಅದೇ ಕೌಶಲದಲ್ಲಿ ಮುಂದಿರುವ, ಅದೇ ಶಾಲೆಯ ಶಿಕ್ಷಕರ ಜೊತೆ ಜೋಡಿ ಮಾಡಿದರು. ಹಿಂದಿದ್ದವರ ಮಕ್ಕಳ ಅಂಕ ಏರಿತು. ಇದಕ್ಕೆ ಯಾರ ಅಪ್ಪಣೆಯೂ ಬೇಡ. ಟೈಮ್‌ಟೇಬಲ್‌ನಲ್ಲಿ ವಾರಕ್ಕೆ ಒಂದು ಪೀರಿಯಡ್ ಹೊಂದಿಸಿದರೆ ನೀವೂ ಶುರು ಮಾಡಬಹುದು.

ಮಕ್ಕಳನ್ನು ಕೇಳಬಹುದಾ ಅಂದಿರಿ. ಧಾರಾಳವಾಗಿ ಕೇಳಿ. ಆದರೆ 'ಈ ಟೀಚರ್ ಇಷ್ಟನಾ?' ಅಂತ ಕೇಳಬೇಡಿ, ಆಗ ಬರುವುದು ಇಷ್ಟಾನಿಷ್ಟದ ಉತ್ತರ. 'ನಾನು ತಪ್ಪು ಮಾಡಿದರೆ ಯಾಕೆ ತಪ್ಪು ಅಂತ ಹೇಳುತ್ತಾರೆ', 'ಪೀರಿಯಡ್ ಪೂರ್ತಿ ಪಾಠ ನಡೆಯುತ್ತದೆ', 'ಅರ್ಥವಾಗದಿದ್ದರೆ ಬೇರೆ ರೀತಿಯಲ್ಲಿ ಹೇಳುತ್ತಾರೆ', 'ಈ ಕ್ಲಾಸಿನಲ್ಲಿ ಪ್ರಶ್ನೆ ಕೇಳಲು ಭಯ ಆಗುತ್ತದೆ' – ಹೀಗೆ ಕಂಡದ್ದನ್ನು ಕೇಳಿ. ಹದಿಹರೆಯದ ಮಕ್ಕಳು ಇದನ್ನು ನಾವು ಅಂದುಕೊಂಡದ್ದಕ್ಕಿಂತ ನೆಟ್ಟಗೆ ಹೇಳುತ್ತಾರೆ. ಹೆಸರು ಬರೆಸಬೇಡಿ, ಆ ಶಿಕ್ಷಕರೇ ಹಂಚಿ ಸಂಗ್ರಹಿಸುವುದು ಬೇಡ, ಕೈಬರಹ ಗುರುತು ಸಿಗದ ಹಾಗೆ ಟಿಕ್ ಹಾಕುವ ನಮೂನೆ ಇರಲಿ. ಮೊದಲ ಎರಡು ವರ್ಷ ಇದನ್ನು ಗ್ರೇಡಿಗೆ ಸೇರಿಸಬೇಡಿ, ಆಯಾ ಶಿಕ್ಷಕರಿಗೆ ಮಾತ್ರ ಕೊಡಿ. ಗ್ರೇಡಿಗೆ ಸೇರಿದರೆ ಸಡಿಲ ಬಿಟ್ಟು ಒಳ್ಳೆಯವರಾಗುವ ಆಸೆ ಹುಟ್ಟುತ್ತದೆ.

ಚಿತ್ರಕಲೆ, ದೈಹಿಕ ಶಿಕ್ಷಣದವರಿಗೆ ಫಲಿತಾಂಶ ಇಲ್ಲದಿರುವುದು ಕೊರತೆ ಅಂತ ನನಗೆ ಅನಿಸುವುದಿಲ್ಲ. ಆಟದ ಪೀರಿಯಡ್‌ನಲ್ಲಿ ಯಾರು ಮೂಲೆಯಲ್ಲಿ ಕೂತಿದ್ದಾರೆ, ಹುಡುಗಿಯರು ಆಡುತ್ತಿದ್ದಾರಾ ಅಂತ ನೋಡಿ. ಒಂದೇ ಮಗುವಿನ ಜೂನ್‌ನ ಚಿತ್ರ, ಜನವರಿಯ ಚಿತ್ರ ಪಕ್ಕದಲ್ಲಿ ಇಡಿ. ಅಂಕ ಇರುವ ವಿಷಯಗಳಲ್ಲೂ ಅಂಕ ಪೂರ್ತಿ ಕಥೆ ಹೇಳುವುದಿಲ್ಲ. ಕಿರಾಬೊ ಜಾಕ್ಸನ್ ಅನ್ನುವ ಅರ್ಥಶಾಸ್ತ್ರಜ್ಞ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಒಂಬತ್ತನೇ ತರಗತಿಯನ್ನು ಅಧ್ಯಯನ ಮಾಡಿದರು. ಕೆಲವು ಶಿಕ್ಷಕರ ಕೈಯಲ್ಲಿ ಮಕ್ಕಳ ಗೈರುಹಾಜರಿ ಇಳಿಯುತ್ತಿತ್ತು, ಶಿಸ್ತುಕ್ರಮ ಕಡಿಮೆಯಾಗುತ್ತಿತ್ತು. ಇವರಲ್ಲಿ ಅನೇಕರು ಪರೀಕ್ಷೆಯ ಅಂಕದಲ್ಲಿ ಮುಂದೆ ಇರಲಿಲ್ಲ. ಆದರೆ ಮಕ್ಕಳು ಮುಂದೆ ಶಾಲೆ ಪೂರೈಸುತ್ತಾರಾ ಅನ್ನೋದನ್ನು ಅಂಕಗಳ ಏರಿಕೆಗಿಂತ ಇದೇ ಚೆನ್ನಾಗಿ ಹೇಳುತ್ತಿತ್ತು. ನಿಮ್ಮ ಹಾಜರಿ ಪುಸ್ತಕದಲ್ಲೇ ಈ ಸಾಕ್ಷಿ ಇದೆ. ಬಿ ಸೆಕ್ಷನ್ ಶಿಕ್ಷಕಿಯ ಪೀರಿಯಡ್‌ಗೆ ಮಕ್ಕಳು ಉಳಿಯುತ್ತಾರಾ, ತಪ್ಪಿಸಿಕೊಂಡು ಹೋಗುತ್ತಾರಾ ನೋಡಿ.

ಕೊನೆಗೆ ಪಾಠವೇ ಮಾಡದವರ ವಿಷಯ. ಮೊದಲು ಅವರು 'ಪಾಠ ಮಾಡಲು ಬಾರದವರಾ', 'ಬಂದರೂ ಮಾಡದವರಾ' ಅಂತ ತಿಳಿದುಕೊಳ್ಳಿ. ವಿಷಯ ಬಿಟ್ಟುಹೋಗಿ, ಮಕ್ಕಳ ಪ್ರಶ್ನೆಗೆ ಹೆದರಿ ಕ್ಲಾಸ್ ತಪ್ಪಿಸುವವರನ್ನು ನಾನು ಕಂಡಿದ್ದೇನೆ. ಮನೆಯ ತಾಪತ್ರಯಕ್ಕೆ ಕುಗ್ಗಿದವರನ್ನೂ ಕಂಡಿದ್ದೇನೆ. ಅವರಿಗೆ ಜೋಡಿ ಶಿಕ್ಷಕರು, ಕಡಿಮೆ ತರಗತಿ, ಒಂದಿಷ್ಟು ಕಾಲ ಬೇಕು. ಬೇಕಂತಲೇ ಮಾಡದವರ ದಾರಿ ಬೇರೆ. ಅದು ಬೋಧನೆಯ ಗುಣಮಟ್ಟದ ಪ್ರಶ್ನೆಯಲ್ಲ, ಕರ್ತವ್ಯದ ಪ್ರಶ್ನೆ. ಅದನ್ನು ವೀಕ್ಷಣೆಯ ನಮೂನೆಯಲ್ಲಿ ತುಂಬಬೇಡಿ. ಯಾವ ದಿನ, ಯಾವ ಪೀರಿಯಡ್, ಯಾವ ತರಗತಿ, ಪಾಠ ನಡೆಯಲಿಲ್ಲ ಅಂತ ಆ ದಿನವೇ ಬರೆದಿಡಿ. ಒಬ್ಬರೇ ಇದ್ದಾಗ ಬಾಯಿಮಾತಿನಲ್ಲಿ ಹೇಳಿ. ಮತ್ತೆ ಆದರೆ ಬರಹದಲ್ಲಿ ಕೊಡಿ, ಅವರ ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಏನು ಬದಲಾಗಬೇಕು, ಯಾವ ತಾರೀಖಿನೊಳಗೆ, ಶಾಲೆ ಏನು ಸಹಾಯ ಕೊಡುತ್ತದೆ ಅನ್ನೋದು ಅದರಲ್ಲಿ ಇರಲಿ. ಆ ತಾರೀಖಿಗೆ ನೀವು ಖಂಡಿತ ಹೋಗಿ ನೋಡಿ.

ಅವರ ಹಳೆಯ ವರದಿಗಳಲ್ಲೆಲ್ಲ 'ಉತ್ತಮ' ಇದೆ ಅಂದಿರಿ. ವಿಷಯ ಮೇಲೆ ಹೋದರೆ ಅವರ ಮೊದಲ ಮಾತೇ ಅದಾಗಿರುತ್ತದೆ: ಇಷ್ಟು ವರ್ಷ ಒಳ್ಳೆಯವನಾಗಿದ್ದವನು ಈಗ ಹೇಗೆ ಕೆಟ್ಟೆ? ಉತ್ತರವಾಗಿ ನಿಮ್ಮ ಹತ್ತಿರ ತಾರೀಖು ಹಾಕಿದ ಟಿಪ್ಪಣಿ ಇರಬೇಕು, ಅಭಿಪ್ರಾಯ ಇದ್ದರೆ ಸಾಲದು. ಆದ್ದರಿಂದ ಈ ಸಲದ ವರದಿಯಲ್ಲಿ ಅವರಿಗೆ ಕೆಳಗಿನ ಗ್ರೇಡ್ ಹಾಕಲು ನಿಮ್ಮ ಬಳಿ ಸಾಕಷ್ಟು ದಾಖಲೆ ಇಲ್ಲದಿದ್ದರೆ ಹಾಕಬೇಡಿ. 'ಉತ್ತಮ' ಅಂತಲೂ ಬರೆಯಬೇಡಿ. ನಿಮಗೆ ಗೊತ್ತಿರುವುದನ್ನು, ಗೊತ್ತಿರುವಷ್ಟೇ ಬರೆಯಿರಿ: ಇಂಥ ತಿಂಗಳುಗಳಲ್ಲಿ ಇಷ್ಟು ಪೀರಿಯಡ್ ಪಾಠ ನಡೆದಿಲ್ಲ, ಮಾತಾಡಲಾಗಿದೆ, ಮುಂದಿನ ವರ್ಷ ಗಮನಿಸಲಾಗುವುದು. ಬರೆದದ್ದನ್ನು ಕಳಿಸುವ ಮೊದಲು ಅವರಿಗೂ ಓದಲು ಕೊಡಿ.